ದಾರಿಗೂ ಒಂದು ಹಕ್ಕಿದೆ

“ಆಪಾ, ಮಗಳು ಬದುಕಿಕೊಂಡಳಲ್ಲ, ಅಷ್ಟೇ ಸಾಕು. ಅಲ್‌ಹಮ್ದುಲಿಲ್ಲಾಹ್. ಇನ್ನು ಅವಳಿಗೆ ಶಾಲೆ ಬೇಡ.”

ಗುಂಡ್ಲುಪೇಟೆಯ ಒಂದು ಪುಟ್ಟ ಮನೆಯ ಹೊಸ್ತಿಲಲ್ಲಿ ಕುಳಿತು ಒಬ್ಬ ತಾಯಿ ಈ ಮಾತು ಹೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಒಳಗೆ ಚಾಪೆಯ ಮೇಲೆ ಎಂಟನೇ ತರಗತಿಯ ನನ್ನ ವಿದ್ಯಾರ್ಥಿನಿ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಹೊರಗೆ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮುಂದಿನ ಚಕ್ರ ಸೊಟ್ಟಗಾಗಿತ್ತು. ಅದು ಅವಳ ಅಕ್ಕನಿಗೆ ಶಾಲೆಯಲ್ಲಿ ಸಿಕ್ಕಿದ್ದ ಸೈಕಲ್. ನಮ್ಮ ರಾಜ್ಯ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ್ದು ನಿಮಗೆ ನೆನಪಿರಬಹುದು. ಕೊರೋನಾ ಕಾಲದಲ್ಲಿ ಅದು ನಿಂತುಹೋಯಿತು. ಆದ್ದರಿಂದ ಅಕ್ಕನ ಸೈಕಲ್ಲೇ ತಂಗಿಗೆ ಬಂದಿತ್ತು. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್. ಆಟೋದವರು ತಿಂಗಳಿಗೆ ಸಾವಿರ ರೂಪಾಯಿ ಕೇಳುತ್ತಾರೆ. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುವ ತಂದೆಗೆ ಅದು ಸಣ್ಣ ಮೊತ್ತವಲ್ಲ.

ನಡೆದದ್ದು ಇಷ್ಟೇ. ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತಿಗೆ ಆಕೆ ಮುಖ್ಯರಸ್ತೆಯ ಎಡ ಅಂಚಿನಲ್ಲೇ ಹೋಗುತ್ತಿದ್ದಳು. ಅಂಚಿನಲ್ಲಿ ಯಾರೋ ಬೈಕ್ ನಿಲ್ಲಿಸಿದ್ದರು. ಅದನ್ನು ತಪ್ಪಿಸಲು ಎರಡಡಿ ಬಲಕ್ಕೆ ಬಂದಳು. ಹಿಂದಿನಿಂದ ಲಾರಿಯನ್ನು ಓವರ್‌ಟೇಕ್ ಮಾಡಿ ಬಂದ ಕಾರೊಂದು ಹ್ಯಾಂಡಲ್‌ಗೆ ತಾಗಿಸಿಕೊಂಡು ಹೋಯಿತು. ಕಾರು ನಿಲ್ಲಲಿಲ್ಲ. ಅಂಗಡಿಯವರು ಓಡಿ ಬಂದು ಎತ್ತಿ, ನೀರು ಕುಡಿಸಿ, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅವರು ಯಾವ ಜಾತಿ, ಯಾವ ಧರ್ಮ ಎಂದು ನಾನು ಕೇಳಲಿಲ್ಲ. ಅಲ್ಲಾಹನು ಅವರಿಗೆ ಒಳಿತು ಮಾಡಲಿ.

ಆಸ್ಪತ್ರೆಯಲ್ಲೂ ಮೊಹಲ್ಲಾದಲ್ಲೂ ನಾನು ಕೇಳಿದ ಮಾತುಗಳು ಎರಡೇ. “ಹೆಣ್ಣು ಹುಡುಗಿಗೆ ಸೈಕಲ್ ಯಾಕೆ ಕೊಡಬೇಕಿತ್ತು?” ಎಂಬುದು ಒಂದು. “ನೋಡಿಕೊಂಡು ಹೋಗಬಾರದಾ?” ಎಂಬುದು ಇನ್ನೊಂದು. ಬೈಕ್ ಅಲ್ಲಿ ಏಕೆ ನಿಂತಿತ್ತು ಎಂದು ಯಾರೂ ಕೇಳಲಿಲ್ಲ. ಊರೊಳಗೆ ಅಷ್ಟು ವೇಗವೇಕೆ ಎಂದೂ ಯಾರೂ ಕೇಳಲಿಲ್ಲ. ಹದಿಮೂರು ವರ್ಷದ ಹುಡುಗಿಯೊಬ್ಬಳೇ ಎಲ್ಲರ ಕಣ್ಣಿಗೆ ತಪ್ಪಿತಸ್ಥೆಯಾಗಿ ಕಂಡಳು.

ಆಕೆ ನನ್ನ ಮುಖ ನೋಡಿ, “ಆಪಾ, ನೀವು ಹೇಳಿದ ಹಾಗೆ ಪಕ್ಕದಲ್ಲೇ ಹೋಗ್ತಿದ್ದೆ” ಎಂದಳು. ಆ ಮಾತು ನನ್ನನ್ನು ಚುಚ್ಚಿತು. ಹೌದು, ಪ್ರತಿ ದಿನ ಶಾಲೆ ಬಿಡುವಾಗ “ಬೇಟಿ, ಪಕ್ಕದಲ್ಲೇ ಹೋಗಿ” ಎಂದು ಮಕ್ಕಳಿಗೆ ಹೇಳುವವಳು ನಾನೇ. ಆದರೆ ನಮ್ಮ ರಸ್ತೆಗೆ ‘ಪಕ್ಕ’ ಎಂಬುದು ಇದೆಯೇ?

ಮರುದಿನ ನಾನು ಅದನ್ನೇ ನೋಡಲು ಹೊರಟೆ. ನನ್ನ ಮನೆ ಚಾಮರಾಜನಗರದಲ್ಲಿ. ಸುಮಾರು 35 ಕಿಲೋಮೀಟರ್ ಬಸ್ಸಿನಲ್ಲಿ ಬಂದು ಗುಂಡ್ಲುಪೇಟೆಯಲ್ಲಿಳಿದು ಹದಿನೈದು ನಿಮಿಷ ನಡೆದು ಶಾಲೆ ಸೇರುತ್ತೇನೆ. ಎಷ್ಟೋ ವರ್ಷಗಳಿಂದ ನಡೆದ ದಾರಿ. ಆದರೆ ನೋಡಿರಲಿಲ್ಲ. ಅಂದು ಹೆಜ್ಜೆ ಎಣಿಸುತ್ತಾ ನಡೆದೆ. ಚರಂಡಿಯ ಮೇಲಿನ ಚಪ್ಪಡಿಯೇ ನಮ್ಮ ಫುಟ್‌ಪಾತ್. ಒಂದು ಕಡೆ ಚಪ್ಪಡಿ ಒಡೆದಿದೆ. ಇನ್ನೊಂದು ಕಡೆ ಅಂಗಡಿಯ ಬಕೆಟ್, ಪ್ಲಾಸ್ಟಿಕ್ ಕುರ್ಚಿಗಳು ಹೊರಗೆ ಬಂದಿವೆ. ಮುಂದೆ ವಿದ್ಯುತ್ ಕಂಬ, ಅದರಾಚೆ ಸಾಲಾಗಿ ಬೈಕುಗಳು, ಆಮೇಲೆ ಯಾರದೋ ಮನೆ ಕಟ್ಟಲು ತಂದು ಸುರಿದ ಜಲ್ಲಿ. ಇನ್ನೂರು ಹೆಜ್ಜೆಗಳಲ್ಲಿ ಹನ್ನೊಂದು ಸಲ ನಾನು ರಸ್ತೆಗೆ ಇಳಿಯಬೇಕಾಯಿತು! ಬುರ್ಖಾದ ಅಂಚು ಎತ್ತಿ ಹಿಡಿದು, ಕೈಯಲ್ಲಿ ಬ್ಯಾಗು ಮತ್ತು ಟಿಫಿನ್ ಡಬ್ಬಿ ಹಿಡಿದು, ಪ್ರತಿ ಸಲ ಹಿಂದೆ ತಿರುಗಿ ನೋಡಿ ಇಳಿಯಬೇಕು. ಕೈಗೂಸು ಎತ್ತಿಕೊಂಡ ತಾಯಂದಿರು ಏನು ಮಾಡಬೇಕು? ಮಂಡಿ ನೋವಿನ ದಾದಿಯರು ಏನು ಮಾಡಬೇಕು?

ಆ ರಸ್ತೆಯಾದರೂ ಸಾಧಾರಣ ರಸ್ತೆಯಲ್ಲ. ಮೈಸೂರಿನಿಂದ ಬಂದ ಹೆದ್ದಾರಿ ಗುಂಡ್ಲುಪೇಟೆಯ ಎದೆಯ ಮೇಲೆ ಹಾದು, ಊರು ದಾಟಿದ ಮೇಲೆ ಕವಲೊಡೆದು ಒಂದು ಊಟಿಗೂ ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿಗೂ ಹೋಗುತ್ತದೆ. ತರಕಾರಿ ಲಾರಿಗಳು, ಕಲ್ಲು ಸಾಗಿಸುವ ಟಿಪ್ಪರುಗಳು, ಶನಿವಾರ-ಭಾನುವಾರ ಊಟಿಗೆ ಹೋಗುವ ಪ್ರವಾಸಿಗರ ಕಾರುಗಳು, ಸೂರ್ಯಕಾಂತಿ ಅರಳಿದ ಕಾಲದಲ್ಲಿ ಫೋಟೋ ತೆಗೆಯಲು ಬರುವವರು... ಇವರಿಗೆಲ್ಲ ನಮ್ಮ ಊರು ದಾಟಿ ಹೋಗುವ ಜಾಗ ಮಾತ್ರ. ನಮಗೆ ಅದು ಶಾಲೆಗೆ, ಆಸ್ಪತ್ರೆಗೆ, ಸಂತೆಗೆ ಹೋಗುವ ಬೀದಿ.

ಅಂದು ರಾತ್ರಿ ನನಗೆ ಮದ್ರಸದ ಕೊನೆಯ ವರ್ಷದ ಪಾಠ ನೆನಪಾಯಿತು. ಸಹೀಹ್ ಬುಖಾರಿಯಲ್ಲಿ ‘ಮಝಾಲಿಮ್’ ಎಂಬ ಒಂದು ಭಾಗವಿದೆ. ಎಂದರೆ ಒಬ್ಬರು ಇನ್ನೊಬ್ಬರ ಮೇಲೆ ಎಸಗುವ ಅನ್ಯಾಯಗಳು, ದೌರ್ಜನ್ಯಗಳು. ಆ ಭಾಗದಲ್ಲಿ ಇಮಾಮ್ ಬುಖಾರಿಯವರು ರಸ್ತೆಗೆ ಸಂಬಂಧಿಸಿದ ಹದೀಸ್‌ಗಳನ್ನೂ ಸೇರಿಸಿದ್ದಾರೆ. ದಾರಿಯಲ್ಲಿ ಬಿದ್ದಿದ್ದ ಮುಳ್ಳಿನ ಕೊಂಬೆಯನ್ನು ಸರಿಸಿದವನ ಪಾಪವನ್ನು ಅಲ್ಲಾಹನು ಕ್ಷಮಿಸಿದ ಹದೀಸ್ ಅಲ್ಲಿದೆ. ದಾರಿಯಲ್ಲಿ ಕುಳಿತುಕೊಳ್ಳಬೇಡಿ ಎಂದು ಪ್ರವಾದಿ(ಸ)ರು ತಡೆದಾಗ, ನಮಗೆ ಕೂತು ಮಾತಾಡಲು ಬೇರೆ ಜಾಗವಿಲ್ಲವಲ್ಲ ಎಂದು ಸಹಾಬಿಗಳು ಹೇಳಿದರು. ಹಾಗಿದ್ದರೆ ದಾರಿಯ ಹಕ್ಕನ್ನು ಕೊಡಿ ಎಂದು ಪ್ರವಾದಿ(ಸ)ರು ಹೇಳಿದರು. ದಾರಿಯ ಹಕ್ಕು ಯಾವುದೆಂದು ಕೇಳಿದಾಗ ಅವರು ಎಣಿಸಿ ಹೇಳಿದರು: ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದು.

ಅದೇ ಭಾಗದಲ್ಲಿ ಇನ್ನೊಂದು ಹದೀಸ್ ಇದೆ. ಅದನ್ನು ನಾವು ಪ್ರವಚನಗಳಲ್ಲಿ ಅಪರೂಪಕ್ಕೆ ಕೇಳುತ್ತೇವೆ. ದಾರಿಯ ವಿಷಯದಲ್ಲಿ ಜನರಲ್ಲಿ ತಕರಾರು ಬಂದರೆ ಏಳು ಮೊಳ ಅಗಲ ಬಿಡಬೇಕೆಂದು ಪ್ರವಾದಿ(ಸ)ರು ತೀರ್ಪು ಕೊಟ್ಟದ್ದು. ಏಳು ಮೊಳವೆಂದರೆ ಹತ್ತಡಿಗಿಂತ ತುಸು ಹೆಚ್ಚು. ಹೊರೆ ಹೊತ್ತ ಒಂಟೆಗಳು ಎದುರುಬದುರಾದರೂ ನಡೆಯುವವರಿಗೆ ತೊಂದರೆಯಾಗಬಾರದೆಂಬ ವಿವರಣೆಯನ್ನು ನಮ್ಮ ಉಸ್ತಾದರು ಕೊಟ್ಟಿದ್ದರು. ಆಗ ಹುಡುಗಿಯರು ನಾವು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದೆವು. ಇಂದು ಅರ್ಥವಾಗುತ್ತದೆ. ಇದು ಊರು ಕಟ್ಟುವ ಲೆಕ್ಕ. ‘ಪರಸ್ಪರ ಹೊಂದಿಕೊಂಡು ಹೋಗಿ’ ಎಂಬ ಉಪದೇಶಕ್ಕೆ ಪ್ರವಾದಿ(ಸ)ರು ನಿಲ್ಲಲಿಲ್ಲ. ಅಳತೆಯನ್ನೇ ಹೇಳಿದರು.

ನಾವು ಮಾತ್ರ ಉಪದೇಶಕ್ಕೇ ನಿಂತುಬಿಟ್ಟಿದ್ದೇವೆ. ದಾರಿಯಲ್ಲಿನ ತೊಂದರೆ ನಿವಾರಿಸುವುದು ಈಮಾನಿನ ಒಂದು ಶಾಖೆ ಎಂದು ಮಕ್ಕಳಿಗೆ ಕಲಿಸುತ್ತೇವೆ, ಬಾಳೆಹಣ್ಣಿನ ಸಿಪ್ಪೆ ಎತ್ತಿಹಾಕಲು ಹೇಳುತ್ತೇವೆ. ಒಳ್ಳೆಯದೇ. ಆದರೆ ಈ ಕಾಲದ ಮುಳ್ಳು ಯಾವುದು? ಚಪ್ಪಡಿಯಿಲ್ಲದ ಚರಂಡಿ ಮುಳ್ಳಲ್ಲವೇ? ಬೀದಿದೀಪವಿಲ್ಲದ ತಿರುವು ಮುಳ್ಳಲ್ಲವೇ? ಶಾಲೆಯ ಮುಂದೆ ಅರವತ್ತರ ವೇಗದಲ್ಲಿ ಬರುವ ವಾಹನ ಮುಳ್ಳಲ್ಲವೇ?

ವೇಗದ ಲೆಕ್ಕವನ್ನು ನಾನು ತರಗತಿಯ ಕಪ್ಪುಹಲಗೆಯ ಮೇಲೆ ಮಕ್ಕಳಿಗೆ ಬರೆದು ತೋರಿಸಿದೆ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 8 ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. 60ರ ವೇಗದಲ್ಲಿ ಸುಮಾರು 17 ಮೀಟರ್. ಮಗು ಅಡ್ಡ ಬಂದದ್ದನ್ನು ಕಂಡು ಚಾಲಕ ಬ್ರೇಕಿನ ಮೇಲೆ ಕಾಲಿಡಲು ಸುಮಾರು ಒಂದು ಸೆಕೆಂಡ್ ಬೇಕು. ಅಷ್ಟರಲ್ಲೇ ವಾಹನ ಅಷ್ಟು ದೂರ ಬಂದಿರುತ್ತದೆ. ಬ್ರೇಕ್ ಹಾಕಿದ ಮೇಲೂ, ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಏಟಿನ ರಭಸವೂ ಹಾಗೆಯೇ. ಮೂವತ್ತರಲ್ಲಿ ಗುದ್ದಿದರೆ ಹೆಚ್ಚಿನವರು ಗಾಯಗೊಂಡು ಬದುಕುತ್ತಾರೆ. ಅರವತ್ತರಲ್ಲಿ ಬದುಕುವುದು ಕಷ್ಟ. ಈ ಕಾರಣಕ್ಕೇ 2020ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ನಡೆದ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನವು, ನಡೆಯುವವರು ಮತ್ತು ಸೈಕಲ್ ಸವಾರರು ವಾಹನಗಳ ಜೊತೆ ಬೆರೆಯುವ ಕಡೆ 30 ಕಿ.ಮೀ. ವೇಗಮಿತಿ ಇರಬೇಕೆಂದು ಕರೆ ಕೊಟ್ಟಿತು.

ನಮ್ಮ ದೇಶದಲ್ಲಿ 2022ನೇ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಎಂದರೆ ದಿನಕ್ಕೆ ಸುಮಾರು ತೊಂಬತ್ತು ಮಂದಿ. ಅವರೆಲ್ಲರೂ ‘ನೋಡಿಕೊಂಡು ಹೋಗದವರೇ’?

ನಮ್ಮ ಚಾಮರಾಜನಗರದಲ್ಲಿ ಕಷ್ಟದ ಬಗೆ ಬೇರೆ. 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಊರು ಬೆಳೆಯಿತು, ವಾಹನಗಳು ಹೆಚ್ಚಿದವು, ಅಗಲವಾದ ಜೋಡಿ ರಸ್ತೆಯೂ ಇದೆ. ರಸ್ತೆ ಅಗಲವಾದರೆ ಸುರಕ್ಷಿತ ಎಂದು ನಾವು ತಿಳಿಯುತ್ತೇವೆ. ನನ್ನ ಅತ್ತೆಯ ಕೈ ಹಿಡಿದು ಒಮ್ಮೆ ರಸ್ತೆ ದಾಟಿಸುವಾಗ ಆ ನಂಬಿಕೆ ಹೋಯಿತು. ವಯಸ್ಸಾದವರು ಸೆಕೆಂಡಿಗೆ ಒಂದು ಮೀಟರ್ ನಡೆದರೆ ಹೆಚ್ಚು. 12 ಮೀಟರ್ ಅಗಲದ ರಸ್ತೆ ದಾಟಲು 12 ಸೆಕೆಂಡ್ ಬೇಕು. ಅಷ್ಟರಲ್ಲಿ 60ರ ವೇಗದ ವಾಹನ 200 ಮೀಟರ್ ಸಾಗಿರುತ್ತದೆ. ಹೆಜ್ಜೆ ಇಡುವಾಗ ಕಾಣದಿದ್ದ ವಾಹನ ನಡುರಸ್ತೆಗೆ ಬರುವಷ್ಟರಲ್ಲಿ ಎದುರಿಗಿರುತ್ತದೆ. ಮಧ್ಯದಲ್ಲಿ ನಿಂತು ಉಸಿರು ಬಿಡಲು ಸುರಕ್ಷಿತ ಜಾಗವಿದ್ದರೆ ಅರ್ಧರ್ಧವಾಗಿ ದಾಟಬಹುದು. ಇಲ್ಲದಿದ್ದರೆ ರಸ್ತೆ ಅಗಲವಾದಷ್ಟೂ ದಾಟುವವರ ಅಪಾಯ ಹೆಚ್ಚು.

“ಇದೆಲ್ಲ ನಮ್ಮ ದೇಶದಲ್ಲಿ ಆಗುವ ಮಾತೇ ಟೀಚರ್?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನಾನು ಊಟಿ ರಸ್ತೆಯ ಕಡೆ ಕೈ ತೋರಿಸಿದೆ. ಗುಂಡ್ಲುಪೇಟೆ ದಾಟಿ ಹೋದರೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್, ಅದರಾಚೆ ಬಂಡೀಪುರದ ಕಾಡು. ರಾತ್ರಿ ವಾಹನಗಳಿಗೆ ಸಿಕ್ಕಿ ಜಿಂಕೆ, ಇತರ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ನಮ್ಮ ಜಿಲ್ಲಾಡಳಿತ ಅಲ್ಲಿ ರಾತ್ರಿ ಸಂಚಾರ ನಿಷೇಧಿಸಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳನ್ನು ಬಿಟ್ಟರೆ, ಎರಡು ರಾಜ್ಯಗಳಿಗೆ ಹೋಗುವ ಹೆದ್ದಾರಿಯ ಗೇಟು ಮುಚ್ಚುತ್ತದೆ. ವಯನಾಡಿನ ಜನ 2019ರಲ್ಲಿ ದೊಡ್ಡ ಪ್ರತಿಭಟನೆಯನ್ನೇ ನಡೆಸಿದರು. ಅವರ ಕಷ್ಟವೂ ಸುಳ್ಳಲ್ಲ. ಹಗಲಲ್ಲೂ ಕಾಡಿನೊಳಗೆ ಸಾಲು ಸಾಲು ಹಂಪ್‌ಗಳಿವೆ. ಎಂಥ ದೊಡ್ಡ ಕಾರಿನವನೂ ಅಲ್ಲಿ ನಿಧಾನವಾಗಿ ಹೋಗುತ್ತಾನೆ.

ಪ್ರಾಣಿಗಳೂ ಅಲ್ಲಾಹನ ಸೃಷ್ಟಿಯೇ. ಅವುಗಳಿಗೆ ಸಿಕ್ಕ ರಕ್ಷಣೆಯನ್ನು ಕಂಡು ನನಗೆ ಹೊಟ್ಟೆಕಿಚ್ಚಿಲ್ಲ. ಒಂದು ನಾಯಿಗೆ ನೀರು ಕುಡಿಸಿದವರಿಗೆ ಕ್ಷಮೆ ಸಿಕ್ಕಿತೆಂದು ಕಲಿಸಿದ ಧರ್ಮ ನಮ್ಮದು. ಆದರೆ ನನ್ನ ಪ್ರಶ್ನೆ ಇಷ್ಟೇ. ಜಿಂಕೆಗಾಗಿ ಹೆದ್ದಾರಿಯನ್ನು ನಿಧಾನಗೊಳಿಸಲು ನಮ್ಮದೇ ಜಿಲ್ಲೆಯಲ್ಲಿ ಸಾಧ್ಯವಾಯಿತು. ಹಾಗಾದರೆ ಅದೇ ಹೆದ್ದಾರಿಯನ್ನು ಶಾಲೆಯ ಮುಂದೆ ಮಕ್ಕಳಿಗಾಗಿ ಏಕೆ ನಿಧಾನಗೊಳಿಸಬಾರದು? ಕಾಡಿನಲ್ಲಿ ನಿಧಾನವಾಗಿ ಬಂದ ಚಾಲಕನೇ ಊರೊಳಗೆ ಆಕ್ಸಲರೇಟರ್ ಒತ್ತುತ್ತಾನೆ. ಮನುಷ್ಯ ಅವನೇ, ಮನಸ್ಸೂ ಅದೇ. ಬದಲಾದದ್ದು ರಸ್ತೆ. ಅಲ್ಲಿ ರಸ್ತೆ ಅವನನ್ನು ತಡೆಯುತ್ತದೆ, ಇಲ್ಲಿ ಬಿಟ್ಟುಬಿಡುತ್ತದೆ.

ನಮ್ಮ ಮನೆಗಳಿಂದ ಹಜ್ಜ್‌ಗೆ ಹೋಗಿ ಬಂದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. 2006ರ ಜನವರಿಯಲ್ಲಿ ಜಮರಾತ್ ಸೇತುವೆಯ ಬಳಿ ನೂಕುನುಗ್ಗಲಾಗಿ 340ಕ್ಕೂ ಹೆಚ್ಚು ಹಾಜಿಗಳು ಮೃತರಾದರು. ಹಾಜಿಗಳೇ, ಸಹನೆಯಿಂದಿರಿ ಎಂದು ಹೇಳುವುದಂತೂ ಹಿಂದಿನಿಂದಲೂ ಇತ್ತು. ಆ ದುರಂತದ ಬಳಿಕ ಹಳೆಯ ಸೇತುವೆಯನ್ನೇ ಕೆಡವಿ ಬಹುಮಹಡಿಗಳ ಹೊಸ ಸೇತುವೆ ಕಟ್ಟಿದರು. ಬರುವವರ ದಾರಿ ಬೇರೆ, ಹೋಗುವವರ ದಾರಿ ಬೇರೆ ಮಾಡಿದರು. 2015ರಲ್ಲಿ ಮಿನಾದಲ್ಲಿ ಮತ್ತೆ ಘೋರ ದುರಂತ ನಡೆಯಿತು. ಅದು ನಡೆದದ್ದು ಸೇತುವೆಯ ಮೇಲಲ್ಲ, ಅಲ್ಲಿಗೆ ಹೋಗುವ ಬೀದಿಗಳು ಕೂಡುವಲ್ಲಿ. ದಾರಿಯನ್ನು ಸರಿಪಡಿಸಿದ ಕಡೆ ಜೀವ ಉಳಿಯಿತು, ದಾರಿ ಇಕ್ಕಟ್ಟಾದ ಕಡೆ ಜೀವ ಹೋಯಿತು. ಸಬ್ರ್ ಬೇಕು, ಜೊತೆಗೆ ಸರಿಯಾದ ದಾರಿಯೂ ಬೇಕು.

ಇನ್ನೊಂದು ಉದಾಹರಣೆ ತಾಯಂದಿರದು. ಸೈಕಲ್‌ಗಳ ನಾಡೆಂದು ಇಂದು ಹೆಸರಾದ ಹಾಲೆಂಡ್ ಮೊದಲಿಂದ ಹಾಗಿರಲಿಲ್ಲ. 1971ರಲ್ಲಿ ಆ ಚಿಕ್ಕ ದೇಶದಲ್ಲಿ ಸುಮಾರು 3,300 ಮಂದಿ ರಸ್ತೆಯಲ್ಲಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು 1972ರಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಅರ್ಥದ ತಲೆಬರಹದಲ್ಲಿ ಲೇಖನ ಬರೆದರು. ಅದೇ ಹೆಸರಿನಲ್ಲಿ ಚಳವಳಿ ಹುಟ್ಟಿತು. ತಂದೆತಾಯಿಯರು ಮಕ್ಕಳೊಂದಿಗೆ ಬೀದಿಗೆ ಬಂದರು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಅಲ್ಲಿನ ಸರಕಾರ ಕೆಲವು ಭಾನುವಾರ ಕಾರುಗಳನ್ನೇ ನಿಷೇಧಿಸಿತು. ಬೀದಿ ಹೇಗಿರಬಹುದೆಂದು ಜನ ಕಣ್ಣಾರೆ ಕಂಡರು. ಮುಂದಿನ ವರ್ಷಗಳಲ್ಲಿ ಸೈಕಲ್ ಹಾದಿಗಳು, ವಾಹನಗಳು ನಡಿಗೆಯ ವೇಗದಲ್ಲಿ ಬರಬೇಕಾದ ವಸತಿ ಬೀದಿಗಳು ಬಂದವು. ಅಷ್ಟು ದೂರವೇಕೆ, ನಮ್ಮ ಪಕ್ಕದ ಮೈಸೂರಿನಲ್ಲೇ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಲ್ಲಿ 450 ಸೈಕಲ್‌ಗಳನ್ನು ಸಾರ್ವಜನಿಕರ ಬಳಕೆಗೆ ಇಟ್ಟರು. ಮನಸ್ಸು ಮಾಡಿದರೆ ನಮ್ಮಲ್ಲೂ ಆಗುತ್ತದೆ.

ಇಷ್ಟೆಲ್ಲ ಬರೆಯುವಾಗ ನನ್ನ ಮನೆಯ ಮಾತನ್ನು ಮುಚ್ಚಿಟ್ಟರೆ ಅದು ಅಪ್ರಾಮಾಣಿಕತೆಯಾದೀತು. ನನ್ನ ಮಗನಿಗೆ ಹದಿನಾರು ವರ್ಷ. ಬೆಳಿಗ್ಗೆ ಬಸ್ ತಪ್ಪಬಾರದೆಂದು ನಾನೇ ಅವನ ಕೈಗೆ ಸ್ಕೂಟರಿನ ಕೀ ಕೊಟ್ಟು, ಅವನ ಹಿಂದೆ ಕುಳಿತು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ. ಲೈಸನ್ಸ್ ಇಲ್ಲ, ಹೆಲ್ಮೆಟ್ ಇಲ್ಲ. ‘ಎರಡೇ ನಿಮಿಷದ ದಾರಿ’ ಎಂಬ ಸಮಾಧಾನ. ಆ ಹುಡುಗಿಯನ್ನು ನೋಡಿ ಬಂದ ರಾತ್ರಿ ಯೋಚಿಸಿದೆ. ನನ್ನ ಮಗನೇ ಯಾರದೋ ಮಗಳ ಸೈಕಲ್ಲಿಗೆ ತಾಗಿಸಿದ್ದರೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಜೈಲು ಶಿಕ್ಷೆಯಿದೆ. ಕಾನೂನಿನ ಭಯಕ್ಕಿಂತ ಹೆಚ್ಚಾಗಿ ನಾಳೆ ಅಲ್ಲಾಹನ ಮುಂದೆ ನಿಲ್ಲುವ ಭಯ ನನ್ನನ್ನು ಹಿಡಿಯಿತು. ಕೀ ತೆಗೆದಿಟ್ಟೆ. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. “ಅಮ್ಮಿ, ಎಲ್ಲರೂ ಓಡಿಸ್ತಾರೆ” ಎಂದ. ಈಗ ನಾನು ಇಪ್ಪತ್ತು ನಿಮಿಷ ಮುಂಚೆ ಹೊರಟು ನಡೆದೇ ಹೋಗುತ್ತೇನೆ.

ಮಸೀದಿಯ ಮಾತೂ ಇದೆ. ಶುಕ್ರವಾರ ಜುಮಾ ಹೊತ್ತಿಗೆ ನಮ್ಮ ಬೀದಿಯಲ್ಲಿ ಎರಡೂ ಬದಿಗೆ ಬೈಕುಗಳು ನಿಲ್ಲುತ್ತವೆ. ಅತ್ತ ಹೋಗುವ ಮುದುಕರು, ಮಕ್ಕಳು, ಗರ್ಭಿಣಿಯರು ನಡುರಸ್ತೆಯಲ್ಲೇ ನಡೆಯಬೇಕು. ಅಲ್ಲಾಹನ ಹಕ್ಕು ಸಲ್ಲಿಸಲು ಹೋಗಿ ದಾಸರ ಹಕ್ಕನ್ನು ಕಸಿದರೆ ಹೇಗೆ? ಮದುವೆಗೆ ರಸ್ತೆಗೆ ಅಡ್ಡಲಾಗಿ ಹಾಕುವ ಶಾಮಿಯಾನವೂ ಅಷ್ಟೇ. ನಾನೊಂದು ಪತ್ರ ಬರೆದು ಪತಿಯ ಮೂಲಕ ಕಮಿಟಿಗೆ ಕಳುಹಿಸಿದೆ. ಮಝಾಲಿಮ್ ಭಾಗದ ಹದೀಸ್‌ಗಳನ್ನು ಅದರಲ್ಲಿ ನೆನಪಿಸಿದ್ದೆ. ಮೊದಲ ವಾರ ಯಾರೂ ಕಿವಿಗೊಡಲಿಲ್ಲ. ಎರಡನೆಯ ವಾರ ಖತೀಬರು ಖುತ್ಬಾಕ್ಕೆ ಮುಂಚೆ ಅದೇ ವಿಷಯ ಮಾತಾಡಿದರು. ಈಗ ಇಬ್ಬರು ಯುವಕರು ಹಗ್ಗ ಕಟ್ಟಿ ನಿಂತು, ಬೈಕುಗಳನ್ನು ಹತ್ತಿರದ ಖಾಲಿ ಜಾಗಕ್ಕೆ ಕಳುಹಿಸುತ್ತಾರೆ. ಅರ್ಧದಷ್ಟು ಜನ ಕೇಳುತ್ತಾರೆ, ಉಳಿದರ್ಧ ಇನ್ನೂ ಕೇಳುವುದಿಲ್ಲ. ಆದರೂ ಬೀದಿಯ ಒಂದು ಬದಿ ತೆರೆದಿದೆ.

ನಮ್ಮ ಕೈಯಲ್ಲಿ ಆಗುವುದು ಇಷ್ಟು. ಉಳಿದದ್ದು ಸರಕಾರದ ಕೆಲಸ. ಗುಂಡ್ಲುಪೇಟೆಯಲ್ಲಿ ನಾವು ಆರು ಮಂದಿ ತಾಯಂದಿರು ಮತ್ತು ಶಿಕ್ಷಕಿಯರು ಸೇರಿ ಒಂದು ಅರ್ಜಿ ಬರೆದು ಕಚೇರಿಯೊಂದಕ್ಕೆ ಹೋದೆವು. “ಅದು ಹೆದ್ದಾರಿ, ನಮಗೆ ಬರುವುದಿಲ್ಲ” ಎಂದರು. ಇನ್ನೊಂದು ಕಚೇರಿಗೆ ಹೋದೆವು. “ಚರಂಡಿ, ಫುಟ್‌ಪಾತ್ ನಮ್ಮದಲ್ಲ” ಎಂದರು. ಬಿಸಿಲಲ್ಲಿ ಅಲೆದು ಸಾಕಾಯಿತು. ಕೊನೆಗೆ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ದಾರಿ ತೋರಿಸಿದರು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಗಳವರೆಲ್ಲ ಅಲ್ಲಿ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಅಲ್ಲಿಗೆ ಕೊಟ್ಟರೆ ‘ನಮಗೆ ಬರುವುದಿಲ್ಲ’ ಎಂದು ಒಬ್ಬರು ಇನ್ನೊಬ್ಬರ ಕಡೆ ತೋರಿಸುವುದು ಕಷ್ಟ.

ಅರ್ಜಿಯಲ್ಲಿ ನಾವು ದೊಡ್ಡದೇನನ್ನೂ ಕೇಳಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್, ಎಂದರೆ ಸುಮಾರು ಆರು ಅಡಿ ಇರಬೇಕು. ಎತ್ತರ 15 ಸೆಂಟಿಮೀಟರ್ ಮೀರಬಾರದು, ಇಲ್ಲದಿದ್ದರೆ ವಯಸ್ಸಾದವರು ಹತ್ತಲಾರರು. ಅಷ್ಟನ್ನೇ ಕೇಳಿದೆವು. ಚರಂಡಿಗೆ ಗಟ್ಟಿ ಚಪ್ಪಡಿ, ಶಾಲೆಯ ಮುಂದೆ ರಸ್ತೆಯಿಂದ ತುಸು ಎತ್ತರಿಸಿದ ಜೀಬ್ರಾ ಪಟ್ಟೆ, ಅದಕ್ಕೆ ಮುಂಚೆ ವೇಗ ತಗ್ಗಿಸುವ ಹಂಪ್ ಮತ್ತು 30ರ ಫಲಕ, ತಿರುವಿನಲ್ಲಿ ದೀಪ, ಸೈಕಲ್ ಮಕ್ಕಳಿಗೆ ಅಂಚಿನಲ್ಲಿ ಪಾರ್ಕಿಂಗ್ ಇಲ್ಲದ ಒಂದು ಪಟ್ಟಿ. ತಳ್ಳುಗಾಡಿಯವರನ್ನು ಓಡಿಸಿ ಎಂದು ನಾವು ಬರೆಯಲಿಲ್ಲ. ಅವರೂ ಮಕ್ಕಳನ್ನು ಸಾಕಬೇಕು. ಅವರಿಗೊಂದು ಜಾಗ ಗುರುತಿಸಿ ಕೊಡಿ ಎಂದು ಬರೆದೆವು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಒತ್ತುವರಿಯಿಲ್ಲದ ಫುಟ್‌ಪಾತಿನ ಮೇಲೆ ನಡೆಯುವುದು ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಅದನ್ನೂ ಅರ್ಜಿಯಲ್ಲಿ ಸೇರಿಸಿದೆವು. ಸಾವಿರದ ನಾನೂರು ವರ್ಷಗಳ ಹಿಂದೆ ಪ್ರವಾದಿ(ಸ)ರು ‘ದಾರಿಯ ಹಕ್ಕು’ ಎಂದದ್ದನ್ನು ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯವೂ ಹಕ್ಕು ಎಂದೇ ಕರೆದದ್ದು ಕಂಡು ನನ್ನ ಕಣ್ಣು ತೇವವಾಯಿತು.

ಯೂಫ್ರಟೀಸ್ ನದಿಯ ದಡದಲ್ಲಿ ಒಂದು ಪ್ರಾಣಿ ಎಡವಿ ಬಿದ್ದರೂ, ದಾರಿಯನ್ನು ಏಕೆ ಸಮತಟ್ಟು ಮಾಡಿಸಲಿಲ್ಲವೆಂದು ಅಲ್ಲಾಹನು ತನ್ನನ್ನು ವಿಚಾರಿಸಿಯಾನೆಂದು ಹಝ್ರತ್ ಉಮರ್(ರ) ಭಯಪಡುತ್ತಿದ್ದರೆಂದು ಹೇಳಲಾಗುತ್ತದೆ. ಆಡಳಿತಗಾರರಿಗೆ ಇರಬೇಕಾದ ಭಯ ಇದು. ಅವರನ್ನು ಪ್ರಶ್ನಿಸದೆ ಸುಮ್ಮನಿರುವ ನಮಗೂ ಸ್ವಲ್ಪ ಇರಬೇಕು.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ನಾನು ಅವರ ಮನೆಗೆ ಮೂರು ಸಲ ಹೋದೆ. ಮೂರನೆಯ ಸಲ ನನ್ನೊಂದಿಗೆ ಆ ಬೀದಿಯ ನಾಲ್ಕು ಮಂದಿ ತಾಯಂದಿರು ಬಂದರು. “ನಾವು ಸರದಿಯಂತೆ ಮಕ್ಕಳನ್ನು ನಡೆಸಿಕೊಂಡು ಹೋಗುತ್ತೇವೆ. ಮುಂದೆ ಒಬ್ಬರು, ಹಿಂದೆ ಒಬ್ಬರು ಇರುತ್ತೇವೆ. ನಿಮ್ಮ ಮಗಳನ್ನೂ ಕಳುಹಿಸಿ” ಎಂದರು. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ತಂದೆ ತಲೆ ತಗ್ಗಿಸಿ ಕುಳಿತಿದ್ದರು. ಕೊನೆಗೆ “ಟೀಚರ್, ನಿಮ್ಮ ಮಾತಿಗೆ ಕಳಿಸ್ತೀನಿ” ಎಂದರು.

ಪ್ಲಾಸ್ಟರ್ ಬಿಚ್ಚಿದ ಮರುವಾರ ಆಕೆ ಶಾಲೆಗೆ ಬಂದಳು. ಈಗ ದಿನವೂ ಹದಿನಾಲ್ಕು ಮಕ್ಕಳ ಸಾಲು ಮುಖ್ಯರಸ್ತೆಯಲ್ಲಿ ನಡೆದು ಬರುತ್ತದೆ. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ, ಲಿಂಗಾಯತರ, ದಲಿತರ ಮಕ್ಕಳೂ ಇದ್ದಾರೆ. ಒಡೆದ ಚಪ್ಪಡಿಯ ಬಳಿ ಸಾಲು ನಿಲ್ಲುತ್ತದೆ. ಮುಂದಿನ ತಾಯಿ ಕೈ ಎತ್ತುತ್ತಾರೆ. ಕೆಲವು ಚಾಲಕರು ನಿಧಾನಿಸುತ್ತಾರೆ, ಕೆಲವರು ಹಾರ್ನ್ ಹೊಡೆಯುತ್ತಾರೆ. ಮಕ್ಕಳು ದಾಟುತ್ತಾರೆ.

ಮೊನ್ನೆ ಆಕೆ ನನ್ನ ಪಕ್ಕದಲ್ಲಿ ನಡೆಯುತ್ತಾ ಕೇಳಿದಳು: “ಆಪಾ, ಸೈಕಲ್ ರಿಪೇರಿ ಮಾಡಿಸಿದರೆ ನಾನು ಮತ್ತೆ ಓಡಿಸಬಹುದಾ?”

ಅವಳ ತಾಯಿಯ ಮುಂದೆ ಕುಳಿತಾಗ ಇಲ್ಲದ ಉತ್ತರ ಈಗಲೂ ನನ್ನ ಬಳಿ ಪೂರ್ತಿಯಾಗಿ ಇಲ್ಲ. ನನ್ನ ಬ್ಯಾಗಿನಲ್ಲಿ ಇರುವುದು ಅರ್ಜಿಯ ಸ್ವೀಕೃತಿ ಚೀಟಿ ಮಾತ್ರ. ಮುಂದಿನ ತಿಂಗಳು ಅದನ್ನು ಹಿಡಿದು ಮತ್ತೆ ಹೋಗುತ್ತೇವೆ, ಅದರ ಮುಂದಿನ ತಿಂಗಳೂ ಹೋಗುತ್ತೇವೆ, ಇನ್‌ಶಾ ಅಲ್ಲಾಹ್. ಓದುವ ಸಹೋದರಿಯರೇ, ನಿಮ್ಮ ಊರಿನಲ್ಲೂ ಮನೆಯಿಂದ ಶಾಲೆಯವರೆಗೆ ಒಮ್ಮೆ ಹೆಜ್ಜೆ ಎಣಿಸುತ್ತಾ ನಡೆದು ನೋಡಿ. ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತೆಂದು ಬರೆದಿಡಿ. ಅದನ್ನೇ ಅರ್ಜಿಯಾಗಿ ಕೊಡಿ. ದಾರಿಯ ಮುಳ್ಳು ಸರಿಸುವ ಪುಣ್ಯ ಗಂಡಸರಿಗೆ ಮಾತ್ರ ಮೀಸಲಲ್ಲ.

ನಮ್ಮ ಮಕ್ಕಳು ಕ್ಷೇಮವಾಗಿ ಹೋಗಿ ಕ್ಷೇಮವಾಗಿ ಮರಳುವ ದಾರಿಗಳನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಅದಕ್ಕಾಗಿ ದುಡಿಯುವ ತೌಫೀಕನ್ನೂ ನೀಡಲಿ. ಆಮೀನ್.